ಬಿಳಿ ಗೋಡಿ ಮುಂದ ಇಳಕಲ್ ಸೀರೆ: ಸೆಲೆಕ್ಷನ್‌ನ್ಯಾಗ ಸೆರಗಿನ ಬಿಳಿ ಹಾರಿ ಹೋಗಾಕತ್ತೈತಿ

ಸೆರಗು_ಇಳಕಲ್
ಎಲ್ಲಾರಿಗೂ ನಮಸ್ಕಾರ್ರಿ. ಕ್ಯಾಟಲಾಗಿಗೆ ಸೀರೆ ಫೋಟೋದ ಹಿನ್ನೆಲೆ ತೆಗೀಬೇಕು. ಗಿಂಪ್ 2.10 (ಫೋಟೋ ತಿದ್ದೋ ಸಾಫ್ಟ್‌ವೇರ್) ಐತಿ, ಫೋಟೋ 4000×3000 ಪಿಕ್ಸೆಲ್. ಸೀರಿನ್ನ ಬಿಳಿ ಗೋಡಿಗೆ ಇಳಿಬಿಟ್ಟು ತೆಗೆದದ್ದು. ಒಡಲು ಕಡು ಹಸಿರು ಚೌಕಡಿ, ಸೆರಗು ತೋಪುತೆನಿ, ಅಂದ್ರ ಕೆಂಪಿನ ನಡುವ ಎರಡು ಬಿಳಿ ಪಟ್ಟಿ, ಕೆಳಗ ಕುಚ್ಚು.

ಫಜ್ಜಿ ಸೆಲೆಕ್ಟ್ (ಒತ್ತಿದ ಜಾಗದ ಬಣ್ಣಕ್ಕ ಹೋಲೋದನ್ನ ಆರಿಸೋ ಟೂಲ್) ತಗೊಂಡು ಗೋಡಿ ಮ್ಯಾಲೆ ಒತ್ತಿದ್ರ ಥ್ರೆಶೋಲ್ಡ್ (ಬಣ್ಣದ ಫರಕ ಎಷ್ಟರ ತನಕ ನಡೀತೈತಿ ಅನ್ನೋ ಮಿತಿ) 15ಕ್ಕ ನೆರಳು ಬಿದ್ದ ಗೋಡಿ ಹಂಗ ಉಳಿತೈತಿ. 40ಕ್ಕ ಏರಿಸಿದ್ರ ಸೆರಗಿನ ಬಿಳಿ ಪಟ್ಟಿನೂ ಗೋಡಿ ಜೋಡಿ ಹೋಗತೈತಿ. ನಡುವ 25, 30 ಇಟ್ರ ಎರಡೂ ತಪ್ಪು ಅರ್ಧರ್ಧ ಆಗತಾವ. ಇನ್ನ ಕುಚ್ಚಂತೂ ಕತ್ತರಿಸಿದ ಹಗ್ಗದಂಗ ಕಾಣತೈತಿ, ಸುತ್ತ ಬಿಳಿ ಗೆರಿ ಬ್ಯಾರೆ. ಸರಿಯಾದ ಥ್ರೆಶೋಲ್ಡ್ ಎಷ್ಟು ಇಡಬೇಕ್ರಿ?

ಕುಂದಾನಗರಿ_ಪಿಕ್ಸೆಲ್
ಸರಿಯಾದ ಥ್ರೆಶೋಲ್ಡ್ ಅಂತ ಇಲ್ಲೇ ಇಲ್ಲರಿ. 0 ಅಂದ್ರ ಕಪ್ಪು, 255 ಅಂದ್ರ ಬಿಳಿ ಅನ್ನೋ ಅಳತಿನ್ಯಾಗ ಗೋಡಿದು 240ರ ಹತ್ರ, ಸೆರಗಿನ ಬಿಳಿನೂ 240ರ ಹತ್ರ. ಬಣ್ಣ ನೋಡಿ ಆರಿಸೋ ಯಾವ ಟೂಲಿಗೂ ಆ ಎರಡರ ನಡುವ ಫರಕ ಕಾಣಂಗಿಲ್ಲ. ಅಲ್ಲಿ ಗಡಿ ಎಲ್ಲಿ ಐತಿ ಅನ್ನೋದು ನಿಮ್ಮ ಕಣ್ಣಿಗೆ ಗೊತ್ತು, ಅದನ್ನ ನೀವ ಪಾತ್ ಟೂಲಿಂದ (ಗಂಟು ಹಾಕಿ ಗೆರಿ ಎಳಿಯೋ ಟೂಲ್) ಎಳೀಬೇಕು. ಒಂದ ಟೂಲಿಗೆ ಇಡೀ ಸೀರಿ ಹಚ್ಚಬ್ಯಾಡ್ರಿ. ನೆಟ್ಟಗಿನ ಅಂಚಿಗೆ ಒಂದು, ಕುಚ್ಚಿಗೆ ಇನ್ನೊಂದು.

ಗುಮ್ಮಟ_ನೆರಳು
ಮ್ಯಾಲಿನವ್ರು ಹೇಳಿದ್ದು ಬರೋಬ್ಬರಿ ಅದ. ಆದ್ರ ಗೋಡಿ ನೆರಳಿನ ತ್ರಾಸಿಗೆ ಥ್ರೆಶೋಲ್ಡ್ ಏರಿಸೋ ಅವಶ್ಯಕತಾ ಇಲ್ಲ.

ಫಜ್ಜಿ ಸೆಲೆಕ್ಟಿನ ಆಯ್ಕೆಗಳಾಗ "ಸೆಲೆಕ್ಟ್ ಬೈ" ಅಂತ ಅದ, ನೋಡ್ರಿ. ಮೊದಲಿಗೆ ಅದು ಕಾಂಪೊಸಿಟ್ ಇರ್ತದ. ಹಂಗಿದ್ದಾಗ ಕೆಂಪು, ಹಸಿರು, ನೀಲಿ ಮೂರರಾಗ ಯಾವುದೊಂದು ನೀವು ಒತ್ತಿದ ಪಿಕ್ಸೆಲಿಗಿಂತ 15ಕ್ಕ ಮಿಕ್ಕಿ ದೂರ ಹೋದ್ರೂ ಆ ಜಾಗ ಹೊರಗ. ನೆರಳಾಗ 240 ಇದ್ದ ಗೋಡಿ 190 ಆಗಿರ್ತದ, ಅಲ್ಲೇ ನಿಂತುಬಿಡ್ತದ. ಆ "ಸೆಲೆಕ್ಟ್ ಬೈ" ಅನ್ನೋದನ್ನ ಎಚ್‌ಎಸ್‌ವಿ ಸ್ಯಾಚುರೇಶನ್ (ಬಣ್ಣ ಎಷ್ಟು ಗಾಢ ಅನ್ನೋ ಅಳತಿ) ಮಾಡ್ರಿ. ಬೆಳಕಿನ ಗೋಡಿನೂ ನೆರಳಿನ ಗೋಡಿನೂ ಎರಡೂ ಬಣ್ಣ ಇಲ್ಲದ ಬೂದು, ಹಂಗಾಗಿ ಸ್ಯಾಚುರೇಶನ್ ಎರಡಕ್ಕೂ ಕಮ್ಮಿ. ಕೆಂಪು, ಹಸಿರು ಸೀರಿಗೆ ಅದು ಭಾಳ ಮ್ಯಾಲ ಇರ್ತದ. ಒಂದ ಕ್ಲಿಕ್ಕಿನಾಗ ಇಡೀ ಗೋಡಿ ಬರ್ತದ.

ಎರಡು ಎಚ್ಚರಿಕೆ. ಸೀರಿ ಒಳಗ ಅಚ್ಚಗಪ್ಪು ಮಡಿಕಿ ಇದ್ರ ಅಲ್ಲಿ ಸ್ಯಾಚುರೇಶನ್ ಬೆಲೆ ಕುಣೀತಿರ್ತದ, ಚುಕ್ಕಿಚುಕ್ಕಿ ಆಗ್ತದ. ಮತ್ತ ಸೆರಗಿನ ಬಿಳಿ ಪಟ್ಟಿ ಅಂಚಿಗೆ ಮುಟ್ಟೋ ಕಡೆ ಇದೂ ಸೋರ್ತದ, ಯಾಕಂದ್ರ ಆ ಬಿಳಿಗೂ ಸ್ಯಾಚುರೇಶನ್ ಇಲ್ಲ.

ಮಲಪ್ರಭಾ_ದಂಡಿ
ಸೆಲೆಕ್ಟ್ ಬೈ ಕಲರ್ ಹಾಕ್ರಿ, ಒಂದ ಸಲಕ್ಕ ಎಲ್ಲಾ ಬಿಳಿ ಬರತೈತಿ.

ಕುಂದಾನಗರಿ_ಪಿಕ್ಸೆಲ್
ಎಲ್ಲಾ ಬಿಳಿ ಬರತೈತಿ ಅನ್ನೋದ ತೊಂದ್ರಿ ಅಣ್ಣಾರ! ಫಜ್ಜಿ ಸೆಲೆಕ್ಟ್ ಒತ್ತಿದ ಜಾಗಕ್ಕ ಅಂಟಿಕೊಂಡಿದ್ದನ್ನಷ್ಟ ಹಿಡಿತೈತಿ. ಸೆಲೆಕ್ಟ್ ಬೈ ಕಲರ್ ಇಡೀ ಚಿತ್ರ ಹುಡುಕತೈತಿ, ಚೌಕಡಿ ಒಳಗಿನ ಬಿಳಿ ಎಳಿ, ದಡಿಯ ಗೋಮಿ (ಅಂಚಿನ ನೇಯ್ಗಿ ವಿನ್ಯಾಸ) ಒಳಗಿನ ಬಿಳಿ, ಎಲ್ಲಾದರಾಗೂ ತೂತು ಬೀಳತಾವ. ಫೋಟೋಶಾಪ್‌ನ್ಯಾಗ ಇದ ಫರಕು ಮ್ಯಾಜಿಕ್ ವ್ಯಾಂಡಿನ "ಕಂಟಿಗ್ಯುವಸ್" ಟಿಕ್.

ಮಲಪ್ರಭಾ_ದಂಡಿ
ಹೌದ್ರಿ. ಆದ್ರ ಕುಚ್ಚಿನ ಎಳಿಗಳ ನಡುವ ಸಿಕ್ಕ ಗೋಡಿ ತುಂಡುಗಳಿಗೆ ಅದ ಬೇಕು. ಅವು ಹೊರಗಿನ ಗೋಡಿಗೆ ಅಂಟಿಕೊಂಡಿರಂಗಿಲ್ಲ, ಫಜ್ಜಿ ಅಲ್ಲಿ ಹೋಗಂಗಿಲ್ಲ.

ಕುಂದಾನಗರಿ_ಪಿಕ್ಸೆಲ್
ಅದು ಖರೆ. ಕುಚ್ಚಿನ ಭಾಗಕ್ಕಷ್ಟ, ಆಯತ ಹಾಕಿ ಶಿಫ್ಟ್ ಕಂಟ್ರೋಲ್ ಎರಡೂ ಹಿಡಕೊಂಡು ಒತ್ತಿದ್ರ ಎರಡಕ್ಕೂ ಸೇರಿದ ಭಾಗ ಮಾತ್ರ ಉಳಿತೈತಿ. ಶಿಫ್ಟ್ ಒಂದ ಹಿಡದ್ರ ಕೂಡಸತೈತಿ, ಕಂಟ್ರೋಲ್ ಒಂದ ಹಿಡದ್ರ ಕಳೀತೈತಿ. ಇದನ್ನ ಕ್ಲಿಕ್ ಮಾಡೂಕಿಂತ ಮೊದಲ ಹಿಡೀಬೇಕು, ಆಮ್ಯಾಲೆ ಹಿಡದ್ರ ಉಪಯೋಗಿಲ್ಲ.

ಬಾದಾಮಿ_ಕೆಂಪುಗಲ್ಲು
ಪಾತ್ ಎಳಿಯೋ ಕ್ರಮ ಬರೀತೀನಿ, ಯಾಕಂದ್ರ ಹೊಸಬರು ಇಲ್ಲೇ ಬೇಜಾರಾಗಿ ಬಿಡತಾರ.

ಬಿ ಒತ್ತಿದ್ರ ಪಾತ್ ಟೂಲ್. ಝೂಮ್ 100 ಇಲ್ಲಾ 200 ಇಟ್ಕೋರಿ. ದಡಿ ನೆಟ್ಟಗಿದ್ದಲ್ಲಿ ಬರೇ ಕ್ಲಿಕ್, ಜೋತು ಬಿದ್ದು ಬಾಗಿದಲ್ಲಿ ಕ್ಲಿಕ್ ಮಾಡಿ ಬಿಡದ ಎಳೀರಿ, ಹಿಡಿಕಿ ಹೊರಗ ಬರತಾವ. ಗಂಟು ಕಮ್ಮಿ ಹಾಕಿದಷ್ಟೂ ಗೆರಿ ನುಣುಪು. ಬಾಗು ಹೊಳ್ಳೋ ಜಾಗಕ್ಕ ಒಂದು ಸಾಕು. ಒಂದು ಮಡಿಕಿಗೆ ಹತ್ತು ಗಂಟು ಹಾಕಿದ್ರ ಅಂಚು ನಡುಗಿದಂಗ ಕಾಣತೈತಿ. ಮೊದಲಿನ ಗಂಟಿಗೆ ಬಂದು ಕಂಟ್ರೋಲ್ ಹಿಡದು ಕ್ಲಿಕ್ ಮಾಡಿದ್ರ ಮುಚ್ಚತೈತಿ, ಎಂಟರ್ ಒತ್ತಿದ್ರ ಸೆಲೆಕ್ಷನ್.

ಗೆರಿನ್ನ ಅಂಚಿನ ಮ್ಯಾಲೆ ಎಳೀಬ್ಯಾಡ್ರಿ, ಒಂದು ಪಿಕ್ಸೆಲ್ ಬಟ್ಟಿ ಒಳಗ ಎಳೀರಿ. ಸೀರಿ ಗಾತ್ರ ಕಮ್ಮಿ ಆಗಿದ್ದು ಯಾರಿಗೂ ಕಾಣಂಗಿಲ್ಲ, ಬಿಳಿ ಗೆರಿ ಉಳಿದಿದ್ದು ಎಲ್ಲಾರಿಗೂ ಕಾಣತೈತಿ.

ಪಾತಿನ ದೊಡ್ಡ ಲಾಭ ಅಂದ್ರ ಅದು ಪಾತ್ ಪಟ್ಟಿಯೊಳಗ ಉಳಿತೈತಿ. ಎಕ್ಸ್‌ಸಿಎಫ್ (ಗಿಂಪಿನ ಸ್ವಂತ ಫೈಲ್ ನಮೂನಿ) ಆಗಿ ಉಳಿಸಿದ್ರ ನಾಳೆ ಬಂದು ಒಂದು ಗಂಟು ಸರಿಸಿ ಮತ್ತ ಸೆಲೆಕ್ಷನ್ ಮಾಡಬಹುದು.

ಘಟಪ್ರಭಾ_7
ಅಷ್ಟ್ಯಾಕ ಕಷ್ಟ? ಗಿಂಪಿನ ಕತ್ತರಿ ಟೂಲ್ ಐತಲ್ಲ, ಅಲ್ಲಲ್ಲಿ ಕ್ಲಿಕ್ ಮಾಡಿದ್ರ ತಾನ ಅಂಚು ಹುಡುಕತೈತಿ.

ಗುಮ್ಮಟ_ನೆರಳು
ಚೌಕಡಿ ಸೀರಿಗೆ ಕತ್ತರಿ ಬ್ಯಾಡ್ರಿ. ಆ ಪದ್ಧತಿ ಮಾರ್ಟೆನ್‌ಸನ್, ಬ್ಯಾರೆಟ್ 1995ರಾಗ ತಂದದ್ದು. ಎರಡು ಬಿಂದು ನಡುವ ಎಲ್ಲಿ ಬಣ್ಣ ಜೋರಾಗಿ ಬದಲಾಗ್ತದೋ ಅಲ್ಲಿ ಹೋಗೋದು ಅಗ್ಗ, ಸಪಾಟ ಜಾಗದಾಗ ಹೋಗೋದು ತುಟ್ಟಿ ಅಂತ ಲೆಕ್ಕ ಹಾಕಿ ಅಗ್ಗದ ದಾರಿ ಹಿಡೀತದ. ಈಗ ಹೇಳ್ರಿ, ಕಡು ಹಸಿರಿನ ಒಳಗ ಬಿಳಿ ಎಳಿಯ ಚೌಕಡಿ ಇದ್ರ ಜೋರು ಬದಲಾವಣೆ ಎಲ್ಲದ? ಬಟ್ಟಿ ಒಳಗ ಅದ. ಗೆರಿ ಚೌಕಡಿ ಹಿಡದು ಒಳಗ ಹೊಕ್ಕು ಬರ್ತದ. ಬಿಳಿ ಪಟ್ಟಿ ಗೋಡಿಗೆ ಮುಟ್ಟೋ ಕಡೆ ಬದಲಾವಣೆನ ಇಲ್ಲ, ಅಲ್ಲಿ ಎಲ್ಲೆಲ್ಲೋ ಹೋಗ್ತದ.

ಏಕಬಣ್ಣದ ಒಡಲಿದ್ರ ಕತ್ತರಿ ಭಾರಿ ಛಲೋ. ಫೋಟೋಶಾಪಿನ ಮ್ಯಾಗ್ನೆಟಿಕ್ ಲಾಸೋದಾಗ ವಿಡ್ತ್ ಕಮ್ಮಿ ಮಾಡಿ 3 ಇಲ್ಲಾ 4 ಪಿಕ್ಸೆಲ್ ಇಟ್ರ ದೂರದ ಚೌಕಡಿ ಅದಕ್ಕ ಕಾಣೂದಿಲ್ಲ. ಆದ್ರ ಕೈ ಭಾಳ ನೆಟ್ಟಗ ಅಂಚಿನ ಮ್ಯಾಲ ಹೋಗಬೇಕಾಗ್ತದ.

ಘಟಪ್ರಭಾ_7
ಹಂಗಾದ್ರ ಪಾತ ಬೇಷ್.

ಖಣದ_ಕುಪ್ಪಸ
ಕ್ವಿಕ್ ಮಾಸ್ಕ್ ಬಗ್ಗೆ ಯಾರೂ ಹೇಳಲಿಲ್ಲ. ಶಿಫ್ಟ್ ಕ್ಯೂ ಒತ್ತಿದರೆ ಸೆಲೆಕ್ಟ್ ಆಗದ ಭಾಗದ ಮೇಲೆ ಕೆಂಪು ಪರದೆ ಬರುತ್ತದೆ. ಬಿಳಿ ಬಣ್ಣದ ಬ್ರಷ್‌ನಿಂದ ಬಳಿದರೆ ಆ ಜಾಗ ಸೆಲೆಕ್ಷನ್‌ಗೆ ಸೇರುತ್ತದೆ, ಕಪ್ಪಿನಿಂದ ಬಳಿದರೆ ಹೊರಗೆ ಹೋಗುತ್ತದೆ, ಬೂದಿನಿಂದ ಬಳಿದರೆ ಅರ್ಧ. ಮತ್ತೊಮ್ಮೆ ಶಿಫ್ಟ್ ಕ್ಯೂ ಒತ್ತಿದರೆ ಓಡುವ ಚುಕ್ಕಿಗೆರೆ ವಾಪಸ್.

ಕೆಂಪು ಸೆರಗಿನ ಮೇಲೆ ಕೆಂಪು ಪರದೆ ಕಾಣುವುದಿಲ್ಲ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಎರಡಕ್ಕೂ ಇದೇ ಗೋಳು. ಚಿತ್ರದ ಕಿಟಕಿಯ ಕೆಳಗಿನ ಎಡಮೂಲೆಯಲ್ಲಿ ಕ್ವಿಕ್ ಮಾಸ್ಕ್ ಗುಂಡಿ ಇದೆ, ಅದರ ಮೇಲೆ ಬಲ ಕ್ಲಿಕ್ ಮಾಡಿ ಬಣ್ಣವನ್ನು ತಿಳಿನೀಲಿ ಮಾಡಿ, ದಟ್ಟತೆ 70ಕ್ಕೆ ಇಡಿ. ಫೋಟೋಶಾಪ್‌ನಲ್ಲಿ ಅದೇ ಗುರುತಿನ ಮೇಲೆ ಎರಡು ಸಲ ಕ್ಲಿಕ್. ಇದನ್ನು ಬದಲಿಸದೆ ಕೆಲಸ ಮಾಡಿದರೆ ತಪ್ಪು ಎಲ್ಲಿದೆ ಎಂದು ಹುಡುಕಲಿಕ್ಕೇ ಆಗುವುದಿಲ್ಲ.

ಇನ್ನೊಂದು. ಓಡುವ ಚುಕ್ಕಿಗೆರೆಯನ್ನು ನಂಬಬೇಡಿ. ಅದು ಅರ್ಧಕ್ಕಿಂತ ಹೆಚ್ಚು ಸೆಲೆಕ್ಟ್ ಆದ ಪಿಕ್ಸೆಲ್‌ಗಳ ಗಡಿಯನ್ನು ಮಾತ್ರ ತೋರಿಸುತ್ತದೆ. ನಿಜವಾದ ಸೆಲೆಕ್ಷನ್ ಒಂದು ಬೂದು ಚಿತ್ರ, ಪ್ರತಿ ಪಿಕ್ಸೆಲ್‌ಗೂ 0ಯಿಂದ 255ರವರೆಗೆ ಒಂದು ಬೆಲೆ. ಶೇ 30ರಷ್ಟು ಸೆಲೆಕ್ಟ್ ಆದ ಜಾಗ ಚುಕ್ಕಿಗೆರೆಯ ಹೊರಗೇ ಇರುತ್ತದೆ, ಆದರೆ ಡಿಲೀಟ್ ಒತ್ತಿದಾಗ ಶೇ 30ರಷ್ಟು ಅಳಿಸಿ ಹೋಗುತ್ತದೆ. ಬಟ್ಟೆಯ ಮೇಲೆ ಮಬ್ಬು ಕಲೆ ಬೀಳುವುದು ಹೀಗೆ.

ಸೆರಗು_ಇಳಕಲ್
ಬಣ್ಣ ಬದಲಿ ಮಾಡೋದು ಭಾಳ ಉಪಯೋಗ ಆತ್ರಿ ಅಕ್ಕಾರ, ದಡಿ ಈಗ ಸ್ಪಷ್ಟ ಕಾಣತೈತಿ. ಉಳಿದದ್ದು ಕುಚ್ಚು. ಒಂದೊಂದು ಎಳಿನೂ ಪಾತಿಂದ ಎಳೀಬೇಕೇನ್ರಿ?

ಗುಮ್ಮಟ_ನೆರಳು
ಬ್ಯಾಡ್ರಿ, ಎಳಿಗೆ ಪಾತ್ ಹಾಕಿದ್ರ ತಂತಿಹಂಗ ಕಾಣ್ತದ. ಫೋರ್‌ಗ್ರೌಂಡ್ ಸೆಲೆಕ್ಟ್ ಬಳಸ್ರಿ.

ಮೊದಲು ಕುಚ್ಚಿನ ಪಟ್ಟಿಯನ್ನಷ್ಟ ಬ್ಯಾರೆ ಚಿತ್ರಕ್ಕ ಕಾಪಿ ಮಾಡ್ಕೋರಿ. 4000 ಪಿಕ್ಸೆಲಿನ ಇಡೀ ಚಿತ್ರಕ್ಕ ಹಚ್ಚಿದ್ರ ಲೆಕ್ಕ ಮುಗಿಯೂದಿಲ್ಲ, ಹಳೇ ಮಶೀನು ಹೆಪ್ಪುಗಟ್ಟಿ ನಿಲ್ತದ. ಟೂಲ್ ತಗೊಂಡು ಕುಚ್ಚಿನ ಸುತ್ತ ಸಡಿಲಾಗಿ ಗೆರಿ ಎಳದು ಎಂಟರ್. ಈಗ "ಡ್ರಾ ಫೋರ್‌ಗ್ರೌಂಡ್" ಇಟ್ಟು ಕುಚ್ಚಿನ ದಟ್ಟ ನಡುಭಾಗದಾಗ, ಗಂಟಿನ ಮ್ಯಾಲ ಬಳೀರಿ. ಆಮ್ಯಾಲ "ಡ್ರಾ ಬ್ಯಾಕ್‌ಗ್ರೌಂಡ್" ಇಟ್ಟು ಖಾತ್ರಿ ಗೋಡಿ ಇದ್ದಲ್ಲಿ ಬಳೀರಿ. ಬಿಡಿ ಎಳಿ ಹರಡಿದ ಜಾಗ ಮುಟ್ಟಬ್ಯಾಡ್ರಿ, ಅದು "ಅನ್‌ನೋನ್" ಆಗೇ ಇರ್ಲಿ. ಎಂಜಿನ್ "ಮ್ಯಾಟಿಂಗ್ ಲೆವಿನ್". ಪ್ರಿವ್ಯೂ ನೋಡ್ರಿ, ತಪ್ಪಿದ್ದಲ್ಲಿ ಇನ್ನೊಂದೆರಡು ಗೆರಿ ಕೊಡ್ರಿ, ಎಂಟರ್.

ಲೆವಿನ್, ಲಿಷಿನ್‌ಸ್ಕಿ, ವೈಸ್ 2006ರಾಗ ಕೊಟ್ಟ ಲೆಕ್ಕ ಅದು. ಪಿಕ್ಸೆಲ್ ಒಳಗ ಇಲ್ಲಾ ಹೊರಗ ಅಂತ ತೀರ್ಪು ಕೊಡೂದಿಲ್ಲ, ಎಳಿ ಎಷ್ಟು ಪಾಲು, ಗೋಡಿ ಎಷ್ಟು ಪಾಲು ಅಂತ ಹುಡುಕ್ತದ. ಎಳಿ ಅರ್ಧ ಪಿಕ್ಸೆಲ್ ದಪ್ಪ ಇದ್ದಾಗ ಬೇಕಾಗಿದ್ದು ಅದೇ. ಕುಚ್ಚಿನ ಎಳಿ ಬಿಳಿ ಇದ್ರ ಮಾತ್ರ ಇದಕ್ಕೂ ಕೈಲಾಗೂದಿಲ್ಲ. ಕೆಂಪು ಕುಚ್ಚಿಗೆ ಭೇಷ್ ಬರ್ತದ.

ಡೋಣಿ_ಸಾಲು
ಫೋಟೋಶಾಪ್ ಇದ್ದವರಿಗೆ ಸೆಲೆಕ್ಟ್ ಆಂಡ್ ಮಾಸ್ಕ್ ಅದ. ರಿಫೈನ್ ಎಡ್ಜ್ ಬ್ರಷ್ ತಗೊಂಡು ಕುಚ್ಚಿನ ಮ್ಯಾಲಷ್ಟ ತಿಕ್ಕರಿ, ದಡಿ ಮ್ಯಾಲ ತಿಕ್ಕಬ್ಯಾಡ್ರಿ. ಶಿಫ್ಟ್ ಎಡ್ಜ್ (ಅಂಚು ಸರಿಸೋದು) ಮೈನಸ್ 10ರಿಂದ ಮೈನಸ್ 20. ಗ್ಲೋಬಲ್ ಫೆದರ್ (ಅಂಚು ಮೆತ್ತಗ ಮಾಡೋದು) ಸೊನ್ನೆ. "ಡಿಕಂಟ್ಯಾಮಿನೇಟ್ ಕಲರ್ಸ್" ಟಿಕ್ ಹಾಕಿದ್ರ ಹೊಸ ಲೇಯರ್ ಆಗೇ ಹೊರಗ ಬರ್ತದ, ಯಾಕಂದ್ರ ಅದು ಅಂಚಿನ ಪಿಕ್ಸೆಲ್ ಬಣ್ಣಾನ ಬದಲಿ ಮಾಡ್ತದ. ಮೂಲ ಲೇಯರ್ ಇಟ್ಕೋರಿ.

ಹಳೇ ಫೋಟೋಶಾಪ್ 7.0 ಇಟ್ಕೊಂಡವರಿಗೆ ಇದು ಇಲ್ಲ, ಕ್ವಿಕ್ ಸೆಲೆಕ್ಷನ್ನೂ ಇಲ್ಲ. ಅವರು ಪೆನ್ ಟೂಲ್, ಚಾನೆಲ್ (ಕೆಂಪು, ಹಸಿರು, ನೀಲಿ ಒಂದೊಂದರ ಬೂದು ಚಿತ್ರ) ಎರಡರ ಮ್ಯಾಲ ಹೋಗಬೇಕು.

ಕಿತ್ತೂರ_ಹಾದಿ
ಈಗ ಎಐ ವೆಬ್‌ಸೈಟ್ ಅದಾವ. ಫೋಟೋ ಹಾಕಿದ್ರ ಮುಗೀತು. ಇಷ್ಟ್ಯಾಕ ತಲಿ ಕೆಡಿಸಿಕೋತೀರಿ?

ಬಾದಾಮಿ_ಕೆಂಪುಗಲ್ಲು
ಮಾಡೆಲ್ ನಿಂತ ಫೋಟೋಕ್ಕ ಅದು ನಡೀತೈತಿ, ಮನಷ್ಯಾರ ಆಕಾರ ಅದಕ್ಕ ಚೊಲೊ ಗೊತ್ತು. ಬರೇ ಇಳಿಬಿಟ್ಟ ಬಟ್ಟಿಗೆ ಕುಚ್ಚು ಬೋಳಿಸತೈತಿ, ಸೆರಗಿನ ಬಿಳಿ ಪಟ್ಟಿ ಗೋಡಿ ಅಂತ ತಿಳಕೊಂಡು ತೆಗೆದು ಹಾಕತೈತಿ. ಪುಕ್ಕಟೆ ಕೊಡೋ ಕಡೆ ಹೆಚ್ಚಾಗಿ ಸಣ್ಣ ಗಾತ್ರದ ಚಿತ್ರ ವಾಪಸ್ ಬರತೈತಿ, ಮೊಬೈಲಿಗೆ ಸಾಕು, ಮುದ್ರಣಕ್ಕ ಸಾಲಂಗಿಲ್ಲ. ಮತ್ತ ಮಾರಾಟಕ್ಕ ಬರದ ಹೊಸ ಡಿಸೈನು ಯಾರದೋ ಸರ್ವರಿಗೆ ಏರಿಸೋದು ನೇಕಾರರಿಗೆ ಒಪ್ಪಿಗಿ ಐತೇನು ಅಂತ ಮೊದಲ ಕೇಳಬೇಕು.

ಕಿತ್ತೂರ_ಹಾದಿ
ಡಿಸೈನಿನ ಮಾತು ಒಪ್ಪತೀನ್ರಿ. ಆದ್ರ ಮೊದಲ ಸುತ್ತಿಗೆ ಎಐ ಮಾಸ್ಕ್ ತಗೊಂಡು, ಬಿಳಿ ಪಟ್ಟಿ ಹೋದಲ್ಲಿ ಮಾಸ್ಕ್ ಮ್ಯಾಲೆ ಬಿಳಿ ಬಳಿದು ವಾಪಸ್ ತರಬಹುದಲ್ಲ? ಸಮಯ ಉಳಿತೈತಿ.

ಬಾದಾಮಿ_ಕೆಂಪುಗಲ್ಲು
ಲೇಯರ್ ಮಾಸ್ಕ್ (ಏನೂ ಅಳಿಸದ ಬರೇ ಮುಚ್ಚಿಡೋ ಪರದಿ) ಆಗಿ ಸಿಕ್ರ ಹೌದು. ಅಳಿಸಿದ ಪಿಎನ್‌ಜಿ ಸಿಕ್ರ ಅದರಾಗ ಬಟ್ಟಿನ ಇರಂಗಿಲ್ಲ. ಆಗ ಅದನ್ನ ಮೂಲ ಫೋಟೋದ ಮ್ಯಾಲೆ ಅದ ಅಳತಿಗೆ ಇಟ್ಟು, ಅದರ ಆಲ್ಫಾವನ್ನ (ಪಾರದರ್ಶಕತೆಯ ಮಾಹಿತಿ) ಸೆಲೆಕ್ಷನ್ ಮಾಡಿ, ಮೂಲ ಲೇಯರಿಗೆ ಮಾಸ್ಕ್ ಹಾಕಬೇಕು. ಗಾತ್ರ ಸಣ್ಣದಾಗಿದ್ರ ದೊಡ್ಡದು ಮಾಡಿದಾಗ ಅಂಚು ಮಬ್ಬು.

ಮಲಪ್ರಭಾ_ದಂಡಿ
ಬಿಳಿ ಗೆರಿ ಹೋಗಾಕ ಫೆದರ್ 5 ಇಡ್ರಿ, ಮೆತ್ತಗಾಗಿ ಮರೀಯಾಗತೈತಿ.

ಖಣದ_ಕುಪ್ಪಸ
ಇಲ್ಲ ಸರ್, ಫೆದರ್ ಅದನ್ನು ಹೆಚ್ಚಿಸುತ್ತದೆ. ಅಂಚಿನ ಪಿಕ್ಸೆಲ್ ಒಳಗೆ ಏನಿದೆ ನೋಡಿ. ಸೆರಗಿನ ಕೆಂಪು 180, 30, 40 ಎನ್ನೋಣ, ಗೋಡೆ 245, 245, 245. ಅರ್ಧರ್ಧ ಬೆರೆತ ಪಿಕ್ಸೆಲ್ ಸುಮಾರು 212, 137, 142, ಅಂದರೆ ಗುಲಾಬಿ. ಅದನ್ನು ಅರ್ಧ ಪಾರದರ್ಶಕ ಮಾಡಿದರೂ ಬಣ್ಣ ಗುಲಾಬಿಯೇ. ಕಪ್ಪು ಹಿನ್ನೆಲೆಯ ಮೇಲಿಟ್ಟಾಗ ಹೊಳೆಯುತ್ತದೆ. ಫೆದರ್ 5 ಇಟ್ಟರೆ ಸೆಲೆಕ್ಷನ್ ಹೊರಗಿನ ಗೋಡೆಯನ್ನೂ ಸ್ವಲ್ಪ ಸ್ವಲ್ಪ ಒಳಗೆ ಎಳೆದುಕೊಳ್ಳುತ್ತದೆ.

ಕ್ರಮ ಹೀಗಿರಲಿ: ಮೊದಲು ಸೆಲೆಕ್ಷನ್ ಶ್ರಿಂಕ್ (ಕುಗ್ಗಿಸುವುದು) 1 ಅಥವಾ 2 ಪಿಕ್ಸೆಲ್, ನಂತರ ಫೆದರ್ 1. ಸೀರೆ ಚಿತ್ರದ ಅಂಚಿಗೆ ತಾಗಿದ್ದರೆ ಶ್ರಿಂಕ್ ಕಿಟಕಿಯಲ್ಲಿ "ಸೆಲೆಕ್ಷನ್ ಚಿತ್ರದ ಹೊರಗೂ ಮುಂದುವರಿಯುತ್ತದೆ" ಎಂಬ ಅರ್ಥದ ಟಿಕ್ ಹಾಕಿ, ಇಲ್ಲದಿದ್ದರೆ ಆ ಅಂಚಿನಲ್ಲೂ ಒಂದು ಪಟ್ಟಿ ಕಳೆದುಹೋಗುತ್ತದೆ.

ಕುಚ್ಚಿಗೆ ಶ್ರಿಂಕ್ ಮಾಡಬೇಡಿ, ಎಳೆಗಳೇ ಮಾಯವಾಗುತ್ತವೆ. ಅಲ್ಲಿ ಮಾಸ್ಕ್ ಅನ್ವಯಿಸಿದ ಪ್ರತಿಯಲ್ಲಿ ಲೇಯರ್‌ನ ಆಲ್ಫಾ ಲಾಕ್ ಮಾಡಿ, ಕುಚ್ಚಿನ ಒಳಗಿನ ಕೆಂಪನ್ನು ಕ್ಲೋನ್ ಟೂಲಿನಿಂದ ಅಂಚಿನವರೆಗೆ ಬಳಿಯಿರಿ. ಪಾರದರ್ಶಕತೆ ಹಾಗೇ ಉಳಿದು ಬಣ್ಣ ಮಾತ್ರ ಬದಲಾಗುತ್ತದೆ.

ಘಟಪ್ರಭಾ_7
ಕಲರ್ ಟು ಆಲ್ಫಾ, ಅಂದ್ರ ಒಂದು ಬಣ್ಣಾನ ಪಾರದರ್ಶಕ ಮಾಡೋದು, ನಡೀತೈತೇನ್ರಿ?

ಖಣದ_ಕುಪ್ಪಸ
ಕುಚ್ಚಿನ ಸೆಲೆಕ್ಷನ್ ಒಳಗೆ ಮಾತ್ರ. ಇಡೀ ಸೀರೆಗೆ ಹಚ್ಚಿದರೆ ತಿಳಿ ಬಣ್ಣಗಳಲ್ಲಿರುವ ಬಿಳಿ ಅಂಶವೂ ಹೋಗಿ ಬಟ್ಟೆ ಗಾಜಿನಂತಾಗುತ್ತದೆ.

ಡೋಣಿ_ಸಾಲು
ಫೋಟೋ ಹೆಂಗ ಬಂತು ಕಂಪ್ಯೂಟರಿಗೆ? ವಾಟ್ಸಪ್‌ದಾಗ ಫೋಟೋ ಅಂತ ಕಳಿಸಿದ್ರ ಈ ಎಲ್ಲಾ ಕೆಲಸ ನೀರಾಗ ಹೋಮ. ಅದು ಗಾತ್ರ ಇಳಿಸಿ ಮತ್ತ ಜೆಪೆಗ್ ಒತ್ತತದ. ಜೆಪೆಗ್ 8×8 ಪಿಕ್ಸೆಲಿನ ತುಂಡು ಮಾಡ್ತದ, ಬಣ್ಣದ ಮಾಹಿತಿ ಹೆಚ್ಚಾಗಿ 2×2 ಪಿಕ್ಸೆಲಿಗೆ ಒಂದ ಇಡ್ತದ. ಬೆಳಕಿನ ಗಡಿ ಒಂದು ಕಡೆ, ಬಣ್ಣದ ಗಡಿ ಒಂದು ಪಿಕ್ಸೆಲ್ ಆಚೆ. ಕೆಂಪು ಮತ್ತ ಬಿಳಿ ಕೂಡೋ ಕಡೆ ಇದು ಎಲ್ಲಕ್ಕಿಂತ ಕೆಟ್ಟದಾಗಿ ಕಾಣ್ತದ, ಮೆಟ್ಟಿಲಿನಂಗ. ಸ್ಯಾಚುರೇಶನ್ ಮ್ಯಾಲ ಸೆಲೆಕ್ಟ್ ಮಾಡೋವಾಗ ಆ ಮೆಟ್ಟಿಲು ಹಂಗ ಅಂಚಿಗೆ ಇಳೀತದ. ಡಾಕ್ಯುಮೆಂಟ್ ಅಂತ ಕಳಿಸ್ರಿ, ಇಲ್ಲಾ ಕೇಬಲ್ ಹಚ್ಚಿ ತಗೋರಿ.

ಸೆರಗು_ಇಳಕಲ್
ವಾಟ್ಸಪ್ ಅಲ್ರಿ, ಕಾರ್ಡಿನಿಂದ ನೇರ ತಗೊಂಡದ್ದು. ಆದ್ರ ಇನ್ನೊಂದು ಕಂತಿನ ಸೀರಿ ಫೋಟೋ ತೆಗೆಯೋದು ಬಾಕಿ ಐತಿ. ಹಸಿರು ಪರದಿ ತರಲೇನು?

ಕುಂದಾನಗರಿ_ಪಿಕ್ಸೆಲ್
ಹಸಿರು ಬ್ಯಾಡ. ನಿಮ್ಮ ಒಡಲ ಹಸಿರು, ಮ್ಯಾಲೆ ಪರದಿಯ ಹಸಿರು ಪ್ರತಿಫಲನ ರೇಷ್ಮಿ ಸೆರಗಿನ ಹೊಳಪಿನ್ಯಾಗ ಕೂಡತೈತಿ. ಗಿರಾಕಿಗೆ ಬಣ್ಣ ಸುಳ್ಳು ಹೇಳಿದಂಗ ಆಗತೈತಿ.

ನಡುಬೂದು ಬಣ್ಣದ, ಹೊಳಪಿಲ್ಲದ ಬಟ್ಟಿ ಇಲ್ಲಾ ರಟ್ಟು. ಸೀರಿ ಬಿಳಿಗೂ ಕಪ್ಪಿಗೂ ಎರಡಕ್ಕೂ ಅದು ದೂರ, ಬಣ್ಣ ಇಲ್ಲ, ಪ್ರತಿಫಲನದ ಚಿಂತಿ ಇಲ್ಲ. ಸೀರಿನ್ನ ಹಿನ್ನೆಲೆಗೆ ಹಚ್ಚಿ ನೇತು ಹಾಕಬ್ಯಾಡ್ರಿ, ನಡುವ 4–5 ಅಡಿ ಬಿಡ್ರಿ. ನೆರಳು ಕೆಳಗ ನೆಲಕ್ಕ ಹೋಗತೈತಿ, ಕುಚ್ಚಿನ ಹಿಂದ ಬೀಳಂಗಿಲ್ಲ. ಕುಚ್ಚು ಬಿಡಿಸಿ ಬಾಚಿ ತೆಗೀರಿ, ಅರ್ಧ ಸೆಲೆಕ್ಷನ್ ಕೆಲಸ ಅಲ್ಲೇ ಮುಗೀತೈತಿ.

ಡೋಣಿ_ಸಾಲು
ಫ್ಯಾನ್ ಬಂದ್ ಮಾಡ್ರಿ. ಕುಚ್ಚು ಅಳ್ಳಾಡಿದ ಮಬ್ಬಿಗೆ ಯಾವ ಟೂಲೂ ಇಲ್ಲ.

ಬಾದಾಮಿ_ಕೆಂಪುಗಲ್ಲು
ಸೀರಿ ಬಿಟ್ಟು ಬ್ಯಾರೆ ಮಾತು. ಆಕಾಶ ಆರಿಸೋದರಾಗ ಚಾನೆಲ್ ಪದ್ಧತಿ ಎಲ್ಲಾಕಿಂತ ಬೇಗ. ಬಾದಾಮಿ ಗುಡ್ಡದ ಕೆಂಪು ಮರಳುಗಲ್ಲು ನೀಲಿ ಚಾನೆಲ್‌ನ್ಯಾಗ ಕಪ್ಪಗಿರತೈತಿ, ಆಕಾಶ ಬೆಳ್ಳಗ. ಚಾನೆಲ್ ಪಟ್ಟಿಯೊಳಗ ನೀಲಿ ಮ್ಯಾಲೆ ಬಲ ಕ್ಲಿಕ್ ಮಾಡಿ ಡುಪ್ಲಿಕೇಟ್, ಆ ಪ್ರತಿಗೆ ಲೆವೆಲ್ಸ್ (ಕಪ್ಪು, ಬಿಳಿ ಮಟ್ಟ ಹೊಂದಿಸೋದು) ತಗೊಂಡು ಕಪ್ಪಿನ ಮತ್ತ ಬಿಳಿಯ ತ್ರಿಕೋನ ಎರಡೂ ನಡುವಿಗೆ ತರ್ರಿ. ಕಲ್ಲು ಪೂರ್ತಿ ಕಪ್ಪು, ಆಕಾಶ ಪೂರ್ತಿ ಬಿಳಿ ಆದ್ರ "ಚಾನೆಲ್ ಟು ಸೆಲೆಕ್ಷನ್". ತುದಿಯ ಹುಲ್ಲು, ಗಿಡದ ಎಲಿ ಎಲ್ಲಾ ಬರತಾವ. ತ್ರಿಕೋನ ತೀರ ಹತ್ರ ತಂದ್ರ ಅಂಚು ಗರಗಸ ಆಗತೈತಿ, ನಡುವ ಸ್ವಲ್ಪ ಬೂದು ಉಳಿಸ್ರಿ.

ಗುಮ್ಮಟ_ನೆರಳು
ಗೋಳಗುಮ್ಮಟಕ್ಕ ಅದು ಹಿಡಿಯೂದಿಲ್ಲ. ಬೂದು ಗಾರೆ, ಹಿಂದ ಬ್ಯಾಸಿಗಿಯ ಧೂಳಿನ ಆಕಾಶ, ಮೂರೂ ಚಾನೆಲ್‌ದಾಗ ಹತ್ರ ಹತ್ರ. ಗುಮ್ಮಟದ ಬಾಗು ನುಣುಪು, ನಾಲ್ಕೈದು ಗಂಟಿನ ಪಾತಿಗೆ ಬರ್ತದ. ತ್ರಾಸು ನಾಕು ಮೂಲಿಯ ಏಳು ಅಂತಸ್ತಿನ ಗೋಪುರದಾಗ. ಕಮಾನಿನ ಕಿಟಕಿ ಆರಪಾರ ಆಕಾಶ ಕಾಣ್ತದ, ಆ ತುಂಡು ಹೊರಗಿನ ಆಕಾಶಕ್ಕ ಕೂಡಿಲ್ಲ. ಆಕಾಶ ಬದಲಿ ಮಾಡಿ ಕಿಟಕಿ ಮರತ್ರ ಹೊಸ ಮೋಡದ ನಡುವ ಹಳೇ ಬಿಳಿ ತೂತು ಉಳೀತಾವ. ಶಿಫ್ಟ್ ಹಿಡದು ಒಂದೊಂದು ಕಿಟಕಿ ಒತ್ತಬೇಕು.

ಘಟಪ್ರಭಾ_7
ಗೋಕಾಕ ಫಾಲ್ಸ್ ನೀರು ಕತ್ತರಿಸಿ ಬ್ಯಾನರಿನ್ಯಾಗ ಇಡಬೇಕಾಗಿದ್ರ?

ಖಣದ_ಕುಪ್ಪಸ
ತುಂತುರನ್ನು ಕತ್ತರಿಸಬೇಡಿ, ಅದರ ಹಿಂದಿನ ಬಂಡೆ ಎಲ್ಲೆಡೆ ಕಾಣುತ್ತಿರುತ್ತದೆ. ಹಿಂದೆ ಕಪ್ಪು ಬಂಡೆ ಇರುವ ಭಾಗವನ್ನು ದೊಡ್ಡದಾಗಿ ತೆಗೆದುಕೊಂಡು ಲೇಯರ್ ಮೋಡ್ "ಸ್ಕ್ರೀನ್" ಮಾಡಿ. ಕಪ್ಪು ತಾನೇ ಮಾಯವಾಗಿ ಬಿಳಿ ತುಂತುರು ಮಾತ್ರ ಉಳಿಯುತ್ತದೆ. ಬಂಡೆ ಪೂರ್ತಿ ಹೋಗದಿದ್ದರೆ ಆ ಲೇಯರ್‌ಗೆ ಲೆವೆಲ್ಸ್‌ನಲ್ಲಿ ಕಪ್ಪನ್ನು ಇನ್ನಷ್ಟು ಇಳಿಸಿ. ಬಿಳಿ ಹಿನ್ನೆಲೆಯ ಬ್ಯಾನರ್ ಆದರೆ ಇದು ಕಾಣುವುದೇ ಇಲ್ಲ, ಗಾಢ ಹಿನ್ನೆಲೆ ಬೇಕು.

ಕಿತ್ತೂರ_ಹಾದಿ
ಬ್ಯಾನರ್ ಮಾತು ಬಂತಂತ ಕೇಳತೀನಿ. ಸೀರಿ ಪಿಎನ್‌ಜಿ ಕೊಟ್ರ ಫ್ಲೆಕ್ಸ್ ಅಂಗಡ್ಯಾಗ ಬಣ್ಣ ಬದಲಾಗಿ ಬರತೈತಿ. ಯಾಕ?

ಡೋಣಿ_ಸಾಲು
ಪಿಎನ್‌ಜಿ ಒಳಗ ಸಿಎಂವೈಕೆ (ಮುದ್ರಣದ ಶಾಯಿ ಬಣ್ಣ) ಇರೂದಿಲ್ಲ, ಆರ್‌ಜಿಬಿ (ಪರದಿಯ ಕೆಂಪು, ಹಸಿರು, ನೀಲಿ) ಅಷ್ಟ. ಅವರ ಕೋರೆಲ್ ಸಾಫ್ಟ್‌ವೇರ್ ತನ್ನ ಲೆಕ್ಕದಾಗ ಬದಲಿ ಮಾಡ್ತದ. ಸಿಎಂವೈಕೆ ಬೇಕಂದ್ರ ಲೇಯರ್ ಇದ್ದ ಪಿಎಸ್‌ಡಿ ಇಲ್ಲಾ ಟಿಫ್ ಕೇಳಿ ಕೊಡ್ರಿ. ಅಳತಿನೂ ಹೇಳ್ರಿ: 3000 ಪಿಕ್ಸೆಲ್ ಎತ್ತರದ ಸೀರಿ 3 ಅಡಿಗೆ ಮುದ್ರಿಸಿದ್ರ ಇಂಚಿಗೆ 83 ಪಿಕ್ಸೆಲ್, ದೂರದಿಂದ ನೋಡೋ ಫ್ಲೆಕ್ಸಿಗೆ ಸಾಕು. 10 ಅಡಿಗೆ ಎಳದ್ರ 25ಕ್ಕ ಇಳೀತದ, ಆಗ ಮೆಟ್ಟಿಲು ಮೆಟ್ಟಿಲು ಅಂಚು ರಸ್ತೆಗೆ ಕಾಣ್ತದ.

ಸೆರಗು_ಇಳಕಲ್
ಅಳಿಸದ ಮಾಸ್ಕ್ ಹಾಕಬೇಕು ಅಂದ್ರಲ್ಲ, ಮೆನು ಎಲ್ಲೈತ್ರಿ?

ಬಾದಾಮಿ_ಕೆಂಪುಗಲ್ಲು
ಮೊದಲ ಲೇಯರಿಗೆ ಆಲ್ಫಾ ಚಾನೆಲ್ ಕೂಡಸ್ರಿ, ಲೇಯರ್ ಮೆನು, ಟ್ರಾನ್ಸ್‌ಪರೆನ್ಸಿ ಒಳಗ ಐತಿ. ಆಮ್ಯಾಲೆ ಸೀರಿ ಸೆಲೆಕ್ಟ್ ಇದ್ದಾಗ ಲೇಯರ್, ಮಾಸ್ಕ್, ಆಡ್ ಲೇಯರ್ ಮಾಸ್ಕ್, ಅದರಾಗ "ಸೆಲೆಕ್ಷನ್" ಆರಿಸ್ರಿ. ಗೋಡಿ ಸೆಲೆಕ್ಟ್ ಆಗಿದ್ರ ಮೊದಲ ಕಂಟ್ರೋಲ್ ಐ ಒತ್ತಿ ಉಲ್ಟಾ ಮಾಡ್ರಿ. ಕುಚ್ಚಿನ ಸೆಲೆಕ್ಷನ್ ಬ್ಯಾರೆ ಮಾಡಿದ್ದಕ್ಕ "ಸೇವ್ ಟು ಚಾನೆಲ್" ಅಂತ ಇಟ್ಟು, ಆಮ್ಯಾಲೆ ದಡಿಯ ಸೆಲೆಕ್ಷನ್ನಿಗೆ ಚಾನೆಲ್ ಪಟ್ಟಿಯಿಂದ "ಆಡ್ ಟು ಸೆಲೆಕ್ಷನ್" ಮಾಡ್ರಿ. ಎರಡೂ ಕೂಡಿದ ಮ್ಯಾಲೆ ಮಾಸ್ಕ್. ಹಿಂದ ಒಂದು ಕಡು ನೀಲಿ ಲೇಯರ್ ಇಟ್ಟು ಅಂಚು ಸುತ್ತಾಡಿ ನೋಡ್ರಿ, ಬಿಳಿ ಹಿನ್ನೆಲೆ ಮ್ಯಾಲೆ ಬಿಳಿ ಗೆರಿ ಸಿಗಂಗಿಲ್ಲ.